ಮನೆಗೆ ಬೆಂಕಿ ಬಿದ್ದಾಗ ನಕ್ಕವರು: ಕೈಲಾಸಂ ಮತ್ತು ಅವರ ಪ್ರೇಕ್ಷಕರು

2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಡೋಂಟ್ ಲುಕ್ ಅಪ್ ಸಿನಿಮಾ ನೆನಪಿರಬಹುದು. ಭೂಮಿಗೆ ಧೂಮಕೇತು ಅಪ್ಪಳಿಸಲಿದೆ ಅಂತ ಇಬ್ಬರು ವಿಜ್ಞಾನಿಗಳು ಬಾಯಿ ಬಡಿದುಕೊಳ್ಳುತ್ತಾರೆ. ಅಧ್ಯಕ್ಷೆಗೆ ಚುನಾವಣೆಯ ಚಿಂತೆ, ಟಿವಿಯವರಿಗೆ ನಗುಮುಖದ ಚಿಂತೆ, ಉದ್ಯಮಿಗೆ ಧೂಮಕೇತುವಿನೊಳಗಿನ ಖನಿಜದ ಚಿಂತೆ. ಡಿಕಾಪ್ರಿಯೊ, ಜೆನಿಫರ್ ಲಾರೆನ್ಸ್, ಮೆರಿಲ್ ಸ್ಟ್ರೀಪ್ ಎಲ್ಲ ಇದ್ದ ತಾರೆಯರ ಜಾತ್ರೆ ಅದು. ನೋಡಿದವರು ಎರಡು ಪಾಲಾದರು. ಇದು ವಿಡಂಬನೆಯಲ್ಲ, ಬರೀ ಕೂಗಾಟ ಅಂದರು ಕೆಲವರು. ಇದು ನಮ್ಮದೇ ದಿನಚರಿ ಅಂದರು ಹವಾಮಾನ ವಿಜ್ಞಾನಿಗಳು. ನಾಲ್ಕು ಆಸ್ಕರ್ ನಾಮನಿರ್ದೇಶನ ಬಂತು, ಒಂದೂ ಗೆಲ್ಲಲಿಲ್ಲ. 2024ರ ಡಿಸೆಂಬರ್‌ನಲ್ಲಿ ಉಪೇಂದ್ರ ಅವರ ಯುಐ ಬಂದಾಗ ನಮ್ಮಲ್ಲೂ ಹೆಚ್ಚುಕಡಿಮೆ ಇದೇ ಜಗಳ.

ಅನಾಹುತ ತೋರಿಸಿ ನಗಿಸಿದರೆ ಜನ ಎಚ್ಚರಾಗ್ತಾರಾ, ಇಲ್ಲಾ ನಕ್ಕು ಹಗುರಾಗಿ ಮನೆಗೆ ಹೋಗ್ತಾರಾ? ಕನ್ನಡದಲ್ಲಿ ಈ ಪ್ರಶ್ನೆಯನ್ನು ತನ್ನ ಬದುಕಿನುದ್ದಕ್ಕೂ ಹೊತ್ತು ತಿರುಗಿದ ಒಬ್ಬ ಮನುಷ್ಯನಿದ್ದ. ವಿಚಿತ್ರವೆಂದರೆ ಆತನೂ ಓದಿನಿಂದ ವಿಜ್ಞಾನಿಯೇ. ಹೆಸರು ತ್ಯಾಗರಾಜ ಪರಮಶಿವ ಕೈಲಾಸಂ.

ಕೈಲಾಸಂ ಹುಟ್ಟಿದ್ದು 1884ರಲ್ಲಿ. ಅದೇ ವರ್ಷ ನಮ್ಮ ತುಮಕೂರು ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಮುಂದೆ ವೀರಣ್ಣನವರ ಕೈಯಲ್ಲಿ ಆ ಕಂಪನಿ ಆನೆ, ಕುದುರೆ, ರಥಗಳನ್ನೇ ರಂಗದ ಮೇಲೆ ತಂದು ಕುರುಕ್ಷೇತ್ರ ತೋರಿಸಿತು. ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆಯ ಊರುಗಳಲ್ಲಿ ಇವತ್ತಿಗೂ ಜಾತ್ರೆಗೆ ಸೀನರಿ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡು ರೈತರೇ ದುರ್ಯೋಧನ, ಭೀಮರಾಗಿ ಬೆಳಗಿನವರೆಗೆ ಕುಣಿಯುತ್ತಾರೆ. ಕೈಲಾಸಂ ಹಿಡಿದದ್ದು ಇದಕ್ಕೆ ಪೂರ್ತಿ ಉಲ್ಟಾ ದಾರಿ.

ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮನೆಮಾತು ತಮಿಳು. ಮಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. ಅಲ್ಲಿ ಕಲ್ಲುಗಳ ಜೊತೆಗೆ ನಾಟಕಗಳನ್ನೂ ಓದಿದರು. ರಂಗಮಂದಿರಗಳಲ್ಲಿ ಕೂತರು, ಅಲ್ಲಿನ ಹಾಡುಗಳ ಧಾಟಿಯನ್ನು ಎದೆಗಿಳಿಸಿಕೊಂಡರು. ಮುಂದೆ ಅವೇ ಧಾಟಿಗಳಲ್ಲಿ ಕೋಳಿಕೆ ರಂಗನಂಥ ಅಪ್ಪಟ ಹಳ್ಳಿಗ ಹುಟ್ಟಿಕೊಂಡ.

1915ರಲ್ಲಿ ವಾಪಸ್ ಬಂದವರು ಮೈಸೂರಿನ ಭೂವಿಜ್ಞಾನ ಇಲಾಖೆ ಸೇರಿದರು. ದೊಡ್ಡ ಮನೆತನ, ಲಂಡನ್ ಪದವಿ, ಸರ್ಕಾರಿ ನೌಕರಿ: ಇವತ್ತಿನ ಲೆಕ್ಕದಲ್ಲೂ ಸೆಟ್ಲ್ ಆದ ಹುಡುಗ. ಕೆಲವೇ ವರ್ಷಗಳಲ್ಲಿ ಅದನ್ನೆಲ್ಲ ಬಿಟ್ಟರು.

ಅಷ್ಟರಲ್ಲಿ, 1918ರಲ್ಲಿ, ಟೊಳ್ಳುಗಟ್ಟಿ ಬಂದಿತ್ತು. ರಾಜನಿಲ್ಲ, ಕಿರೀಟವಿಲ್ಲ, ಕಂದಪದ್ಯವಿಲ್ಲ. ಒಂದು ಬ್ರಾಹ್ಮಣರ ಮನೆ, ಅದರಲ್ಲಿ ಪುಟ್ಟು, ಮಾಧು ಎಂಬ ಇಬ್ಬರು ಮಕ್ಕಳು. ಪುಟ್ಟು ಓದಿನಲ್ಲಿ ಮುಂದು, ಅಪ್ಪನ ಹೆಮ್ಮೆ. ಮಾಧು ಪರೀಕ್ಷೆಯಲ್ಲಿ ಹಿಂದು, ಕಾಯಿಲೆ ಬಿದ್ದ ಅಮ್ಮನ ಚಾಕರಿ ಮಾಡುವವನು, ಬೈಗುಳ ತಿನ್ನುವವನು. ಮನೆಗೆ ಬೆಂಕಿ ಬೀಳುತ್ತದೆ. ಪುಟ್ಟು ತನ್ನ ಪಾಡು ನೋಡಿಕೊಳ್ಳುತ್ತಾನೆ. ಮಾಧು ಒಳಗಿದ್ದವರ ಪಾಡು ನೋಡುತ್ತಾನೆ. ಯಾರು ಟೊಳ್ಳು, ಯಾರು ಗಟ್ಟಿ ಅಂತ ವಿವರಿಸಬೇಕಾಗೇ ಇಲ್ಲ.

ಧೂಮಕೇತುವೂ ಬೇಡ, ಗ್ರಾಫಿಕ್ಸೂ ಬೇಡ. ಕನ್ನಡದ ಮೊದಮೊದಲ ಅನಾಹುತದ ವಿಡಂಬನೆಗಳಲ್ಲಿ ಇದೂ ಒಂದು. ಇದನ್ನು ನೋಡಲು ಮುಂದಿನ ಸಾಲಿನಲ್ಲಿ ಕೂತವರು ಯಾರು? ಬೆಂಗಳೂರು, ಮೈಸೂರಿನ ವಕೀಲರು, ಗುಮಾಸ್ತರು, ಮೇಷ್ಟ್ರುಗಳು. ಅಂದರೆ ಪುಟ್ಟುಗಳು, ಪುಟ್ಟುವಿನ ಅಪ್ಪಂದಿರು. ತಮ್ಮನ್ನೇ ನೋಡಿ ಬಿದ್ದುಬಿದ್ದು ನಕ್ಕರು.

ನಾಟಕಗಳು ಸಾಲಾಗಿ ಬಂದವು. ಬಂಡ್ವಾಳ್ವಿಲ್ಲದ ಬಡಾಯಿಯಲ್ಲಿ ಬಾಯಲ್ಲೇ ಬದುಕುವ ವಕೀಲ. ಪೋಲಿಕಿಟ್ಟಿಯಲ್ಲಿ ಊರೆಲ್ಲ ಕೆಟ್ಟವನೆಂದ ಹುಡುಗನ ಒಳ್ಳೆಯತನ. ಬಹಿಷ್ಕಾರದಲ್ಲಿ ಮದುವೆಗೆ ಮುಂಚೆ ಮಗಳು ಮೈನೆರೆದಳೆಂದು ಒಂದು ಮನೆಯನ್ನೇ ಜಾತಿಯಿಂದ ಹೊರಗಿಡುವ ಕ್ರೌರ್ಯ. ಸೂಳೆಯಲ್ಲಿ ಮರ್ಯಾದಸ್ಥರು ಮಾತಾಡಲೂ ಹಿಂಜರಿದ ಲೋಕ. ನೋಡುಗರು ಆಗಲೂ ಎರಡು ಪಾಲು. ಒಂದು ಕಡೆ, ಕನ್ನಡಕ್ಕೊಬ್ಬನೇ ಕೈಲಾಸಂ ಎಂದು ಹೊತ್ತು ಮೆರೆಸಿದವರು. ಇನ್ನೊಂದು ಕಡೆ, ಅರ್ಧ ಇಂಗ್ಲಿಷ್ ಬೆರೆಸಿ ಭಾಷೆ ಕೆಡಿಸಿದ, ಮಡಿವಂತಿಕೆ ಗೇಲಿ ಮಾಡಿದ, ಅಸಭ್ಯ ವಿಷಯ ರಂಗಕ್ಕೆ ತಂದ ಎಂದು ಮೂಗು ಮುರಿದವರು. ಆದರೆ ಆ ಬೆರಕೆ ಮಾತು ಅವರು ಕಟ್ಟಿದ್ದಲ್ಲ. ಇಂಗ್ಲಿಷ್ ಕಲಿತ ಮನೆಗಳು ಆಡುತ್ತಿದ್ದದ್ದೇ ಅದು. ಕನ್ನಡಿ ಹಿಡಿದವನ ಮೇಲೆ ಸಿಟ್ಟಾದರೆ ಏನು ಮಾಡೋದು?

ಅವರು ಕೂತು ಬರೆಯುವ ಜಾತಿಯವರಲ್ಲ. ಇಡೀ ನಾಟಕವನ್ನು ತಲೆಯಲ್ಲಿಟ್ಟುಕೊಂಡು, ಒಂದೊಂದು ಪಾತ್ರಕ್ಕೂ ಒಂದೊಂದು ದನಿಯಲ್ಲಿ ಗೆಳೆಯರೆದುರು ಆಡಿ ತೋರಿಸುತ್ತಿದ್ದರು. ಯಾರಾದರೂ ಬರೆದುಕೊಂಡರೆ ಉಳಿಯಿತು, ಇಲ್ಲದಿದ್ದರೆ ಗಾಳಿಗೆ ಹೋಯಿತು. ಸಂಸಾರದಲ್ಲಿ ನೆಮ್ಮದಿ ಕಾಣಲಿಲ್ಲ. ಕೈಯಲ್ಲಿ ಕಾಸು ನಿಲ್ಲಲಿಲ್ಲ. 1945ರಲ್ಲಿ ಮದ್ರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮರುವರ್ಷವೇ, 1946ರ ನವೆಂಬರ್‌ನಲ್ಲಿ, ತೀರಿಕೊಂಡರು.

ಇಷ್ಟು ಹೊಗಳಿ ಮುಗಿಸಿದರೆ ಮೋಸವಾಗುತ್ತೆ. ಕೈಲಾಸಂ ತೋರಿಸಿದ ಬೆಂಕಿ ಬಹುಮಟ್ಟಿಗೆ ಒಂದೇ ಜಾತಿಯ ಮನೆಯದು. ಆ ಮನೆಗೆ ಅಕ್ಕಿ ಬೆಳೆದುಕೊಟ್ಟವರ, ಹೊಸ್ತಿಲಾಚೆಗೇ ನಿಲ್ಲಿಸಲ್ಪಟ್ಟವರ ಬದುಕು ಅವರ ಕನ್ನಡ ನಾಟಕಗಳ ನಡುಮನೆಗೆ ಬರಲಿಲ್ಲ. ಹೆಬ್ಬೆರಳು ಕಳೆದುಕೊಂಡ ಏಕಲವ್ಯನನ್ನು ಅವರು ತುಂಬ ಪ್ರೀತಿಯಿಂದ ಬರೆದರು, ನಿಜ. ಆದರೆ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದ ಪ್ರೇಕ್ಷಕನಿಗೆ ನಗು, ಇಂಗ್ಲಿಷ್ ಓದುಗನಿಗೆ ಗಾಂಭೀರ್ಯ: ಈ ಪಾಲು ಇವತ್ತು ನಮ್ಮನ್ನು ಚುಚ್ಚಬೇಕು.

ನಗು ಏನನ್ನು ಬದಲಿಸಿತು? ಬಾಲ್ಯವಿವಾಹ ತಡೆಗೆ 1929ರಲ್ಲಿ ಕಾಯ್ದೆ ಬಂದದ್ದು ವರ್ಷಗಳ ಹೋರಾಟದಿಂದ, ನಾಟಕದಿಂದಲ್ಲ. ಪುಟ್ಟುಗಳನ್ನು ನೋಡಿ ನಕ್ಕ ಅಪ್ಪಂದಿರ ವಂಶ ಇನ್ನೂ ರ‍್ಯಾಂಕು, ಸಿಇಟಿ, ಕೋಟಾ ಕೋಚಿಂಗ್ ಅಂತ ಪುಟ್ಟುಗಳನ್ನೇ ತಯಾರಿಸುತ್ತಿದೆ. ನನ್ನಂಥ ಇಂಜಿನಿಯರಿಂಗ್ ಪದವೀಧರರು ಅದೇ ಕಾರ್ಖಾನೆಯ ಮಾಲು. ಆದರೂ ನಗು ಒಂದು ಕೆಲಸ ಮಾಡಿತು. ಅದುವರೆಗೆ ಗೌರವವೆನಿಸಿದ್ದಕ್ಕೆ ಸ್ವಲ್ಪ ನಾಚಿಕೆ ಅಂಟಿಸಿತು. ಟೊಳ್ಳು ಎಂಬ ಪದ ಕೈಗೆ ಕೊಟ್ಟಿತು. ವಿಡಂಬನೆ ಬೆಂಕಿ ಆರಿಸಲ್ಲ. ಓಡಿಹೋಗುವವನ ಹೆಸರು ಹೇಳುತ್ತದೆ, ಅಷ್ಟೇ.

ಬೆಂಕಿ ಈಗ ಎಲ್ಲಿದೆ? ತುಮಕೂರು ಜಿಲ್ಲೆಯಲ್ಲಿ ಕೊಳವೆಬಾವಿಗಳು ವರ್ಷ ವರ್ಷ ಆಳಕ್ಕಿಳಿಯುತ್ತಿವೆ, ಪಾವಗಡದ ನೀರಿನಲ್ಲಿ ಫ್ಲೋರೈಡ್ ಇದೆ, ಹೇಮಾವತಿಯ ಲಿಂಕ್ ಕೆನಾಲ್ ಹೆಸರಿನಲ್ಲಿ ಒಂದೇ ಜಿಲ್ಲೆಯ ತಾಲ್ಲೂಕುಗಳು ಎದುರುಬದುರಾಗಿವೆ. ಭೂವಿಜ್ಞಾನಿಗಳು ಹೇಳಬೇಕಾದ್ದನ್ನು ಹೇಳುತ್ತಲೇ ಇದ್ದಾರೆ. ನಾವು ಅದರ ಮೇಲೂ ಒಳ್ಳೊಳ್ಳೆ ಮೀಮ್ ಮಾಡಿದ್ದೇವೆ. ಮೀಮ್ ಚೆನ್ನಾಗಿದೆಯೋ, ತೀರಾ ಜೋರಾಯಿತೋ ಅನ್ನೋ ಚರ್ಚೆ ಆಮೇಲೆ ಇಟ್ಟುಕೊಳ್ಳಬಹುದು. ಒಳಗೆ ಮಲಗಿರುವ ಅಮ್ಮನನ್ನು ಎತ್ತಿಕೊಂಡು ಬರುವ ಮಾಧು ಯಾರು ಅನ್ನೋದು ಮೊದಲು ತೀರ್ಮಾನವಾಗಲಿ.