ಅಲನ್ ಟ್ಯೂರಿಂಗ್

1864ರಲ್ಲಿ ಕೃಷ್ಣರಾಜಪುರದ ಮಾರ್ಗವಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ರೈಲನ್ನು ತಂದುದು ಮದ್ರಾಸ್ ರೈಲ್ವೆ. ಮುಂದೆ ಆ ಸಂಸ್ಥೆಯ ಮುಖ್ಯ ಎಂಜಿನಿಯರರಾದ ಎಡ್ವರ್ಡ್ ಸ್ಟೋನಿಯವರ ಮಗಳ ಮಗನೇ ಗಣಕವಿಜ್ಞಾನದ ಮೂಲಪುರುಷರಲ್ಲಿ ಒಬ್ಬರಾದ ಅಲನ್ ಟ್ಯೂರಿಂಗ್. ಅವರು 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಮದ್ರಾಸ್ ಪ್ರಾಂತದಲ್ಲಿ ಅಧಿಕಾರಿಯಾಗಿದ್ದುದರಿಂದ ಬಾಲಕನು ಇಂಗ್ಲೆಂಡಿನಲ್ಲಿ ಅನ್ಯರ ಆಶ್ರಯದಲ್ಲಿ ಬೆಳೆಯಬೇಕಾಯಿತು.

1936ರಲ್ಲಿ ಟ್ಯೂರಿಂಗರು ಒಂದು ಕಾಲ್ಪನಿಕ ಯಂತ್ರವನ್ನು ವರ್ಣಿಸಿದರು. ಅದು ಉದ್ದನೆಯ ಪಟ್ಟಿಯ ಮೇಲಿನ ಚಿಹ್ನೆಯನ್ನು ಓದಿ, ತನ್ನ ಸ್ಥಿತಿಯೊಡನೆ ಹೊಂದಿಸಿ ನೋಡಿ, ಕೋಷ್ಟಕದ ನಿಯಮಗಳಲ್ಲಿ ತಕ್ಕುದೊಂದನ್ನು ಆರಿಸಿ ನಡೆಯುತ್ತದೆ. ಇಂದು ಜಾಲತಾಣಗಳ ಕ್ರಮವಿಧಿಗಳಲ್ಲಿ ಬಳಸುವ ‘ಸ್ವಿಚ್’ ಆಜ್ಞೆಯ ತತ್ತ್ವವೂ ಇಂತಹುದೇ. ಅದು ಒಂದು ಮೌಲ್ಯವನ್ನು ನೋಡಿ, ಅದಕ್ಕೆ ಹೊಂದುವ ‘ಕೇಸ್’ ಎಂಬ ಶಾಖೆಗೆ ತಿರುಗುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಶಾಖೆಯ ಕೊನೆಗೆ ‘ಬ್ರೇಕ್’ ಎಂದು ಬರೆಯಲು ಮರೆತರೆ, ಗಣಕವು ದೋಷವನ್ನು ಸಾರದೆ ಮುಂದಿನ ಶಾಖೆಯನ್ನೂ ನಡೆಸಿಬಿಡುತ್ತದೆ.

ಇಂತಹ ತಪ್ಪುಗಳನ್ನು ಹಿಡಿಯುವುದು ಹೇಗೆ? ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸಲು ದುಡಿದ ಟ್ಯೂರಿಂಗರು 1949ರಲ್ಲಿ ಕೇಂಬ್ರಿಡ್ಜಿನಲ್ಲಿ ಒಂದು ದಾರಿಯನ್ನು ತೋರಿದರು. ದೀರ್ಘವಾದ ಕ್ರಮವಿಧಿಯನ್ನು ಭಾಗಗಳಾಗಿ ಒಡೆದು, ಪ್ರತಿ ಹಂತದಲ್ಲಿ ಯಾವುದು ಸತ್ಯವಾಗಿರಬೇಕೆಂದು ಬರೆದಿಟ್ಟು, ಒಂದೊಂದನ್ನೇ ಪರೀಕ್ಷಿಸಬೇಕು. ಇಂದಿರಾನಗರ, ಕೃಷ್ಣರಾಜಪುರಗಳ ಕಚೇರಿಗಳಲ್ಲಿ ಸ್ವಿಚ್ಚಿನ ಶಾಖೆಗಳನ್ನು ತಿದ್ದುವ ತರುಣರಿಗೂ ಈ ಶಿಸ್ತು ಸಲ್ಲುತ್ತದೆ.

1952ರಲ್ಲಿ ಸಲಿಂಗ ಸಂಬಂಧದ ಕಾರಣಕ್ಕೆ ಅಂದಿನ ಇಂಗ್ಲೆಂಡಿನ ಕಾನೂನು ಅವರನ್ನು ದಂಡಿಸಿತು. 1954ರ ಜೂನ್ 7ರಂದು, ತಮ್ಮ 41ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ರಾಜಮನ್ನಣೆಯ ಕ್ಷಮೆ ದೊರೆತುದು 2013ರಲ್ಲಿ. ಯಂತ್ರದ ತಪ್ಪನ್ನು ತಿದ್ದಲು ಕಲಿಸಿದ ಮಹನೀಯರಿಗೆ ತಾನು ಎಸಗಿದ ತಪ್ಪನ್ನು ಒಪ್ಪಿಕೊಳ್ಳಲು ಅವರ ನಾಡಿಗೆ ಅಷ್ಟು ಕಾಲ ಬೇಕಾಯಿತು.