ಡಿ. ದೇವರಾಜ ಅರಸು

ಡಿ. ದೇವರಾಜ ಅರಸು (20 ಆಗಸ್ಟ್ 1915 – 6 ಜೂನ್ 1982) ಕರ್ನಾಟಕದ ರಾಜಕಾರಣಿ. 1972ರಿಂದ 1977ರವರೆಗೆ ಹಾಗೂ 1978ರಿಂದ 1980ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಗೇಣಿ ಪದ್ಧತಿಯ ರದ್ದತಿ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ ಇವರ ಆಡಳಿತದ ಮುಖ್ಯ ಕಾರ್ಯಗಳು.

ಹಿನ್ನೆಲೆ ಮತ್ತು ರಾಜಕೀಯ ಪ್ರವೇಶ

ಅರಸು ಅವರು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಪದವಿಯ ನಂತರ ಊರಿಗೆ ಮರಳಿ ಬೇಸಾಯದಲ್ಲಿ ತೊಡಗಿದರು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಇವರ ಅರಸು ಸಮುದಾಯವು ಮೈಸೂರು ರಾಜಮನೆತನಕ್ಕೆ ಸಂಬಂಧಿಸಿದ್ದಾದರೂ ಸಂಖ್ಯೆಯಲ್ಲಿ ಅತಿ ಚಿಕ್ಕದು. ರಾಜ್ಯದ ಅಧಿಕಾರ ಆಗ ಬಹುಮಟ್ಟಿಗೆ ಲಿಂಗಾಯತ ಮತ್ತು ಒಕ್ಕಲಿಗ ಮುಖಂಡರ ಕೈಯಲ್ಲಿತ್ತು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಹೆಚ್ಚಿನ ನಾಯಕರು ಎಸ್. ನಿಜಲಿಂಗಪ್ಪನವರ ಜೊತೆ ಉಳಿದರು. ಅರಸು ಇಂದಿರಾ ಗಾಂಧಿಯವರ ಪಕ್ಷವನ್ನು ಸೇರಿದರು. 1972ರ ಚುನಾವಣೆಯಲ್ಲಿ ಅದುವರೆಗೆ ಶಾಸನಸಭೆಯ ಮೆಟ್ಟಿಲು ಹತ್ತದಿದ್ದ ಅನೇಕ ಸಣ್ಣ ಜಾತಿಗಳವರಿಗೆ ಅವಕಾಶ ದೊರೆಯಿತು. ಮುಂದಿನ ಶಾಸನಗಳಿಗೆ ಬೇಕಾದ ಬೆಂಬಲ ಹೀಗೆ ಮೊದಲೇ ಸಿದ್ಧವಾಗಿತ್ತೆನ್ನಬಹುದು.

ಭೂಸುಧಾರಣೆ

ರಾಜ್ಯದಲ್ಲಿ ಗೇಣಿದಾರರ ರಕ್ಷಣೆಗೆ 1961ರ ಕಾಯ್ದೆಯೊಂದಿತ್ತು. ಸ್ವಂತ ಬೇಸಾಯದ ಹೆಸರಿನಲ್ಲಿ ಒಡೆಯರು ಜಮೀನನ್ನು ಹಿಂಪಡೆಯಲು ಅದರಲ್ಲಿ ದಾರಿಯಿತ್ತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ, ಬಾಯಿಮಾತಿನ ಮೇಲೆ ಗೇಣಿ ಮಾಡುತ್ತಿದ್ದ ರೈತನ ಬಳಿ ತೋರಿಸಲು ಕಾಗದವೂ ಇರುತ್ತಿರಲಿಲ್ಲ, ವಕೀಲರಿಗೆ ಕೊಡಲು ಹಣವೂ ಇರುತ್ತಿರಲಿಲ್ಲ. 1973ರಲ್ಲಿ ಅಂಗೀಕಾರವಾದ ತಿದ್ದುಪಡಿಯು ಈ ಎರಡೂ ಅಡ್ಡಿಗಳನ್ನು ಗುರಿಯಾಗಿಸಿಕೊಂಡಿತು. ಅದರಂತೆ 1974ರ ಮಾರ್ಚ್ 1ರಂದು ಗೇಣಿಗೆ ಕೊಟ್ಟ ಜಮೀನುಗಳು ಸರ್ಕಾರದ ವಶವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆಯಬೇಕಿತ್ತು. ಸಹಾಯಕ ಆಯುಕ್ತರು ಅಧ್ಯಕ್ಷರಾಗಿದ್ದ ಈ ಮಂಡಳಿಯಲ್ಲಿ ಸರ್ಕಾರ ನೇಮಿಸಿದ ಸದಸ್ಯರಿದ್ದರು. ಅವರಲ್ಲಿ ಪರಿಶಿಷ್ಟರೊಬ್ಬರಾದರೂ ಇರಬೇಕಿತ್ತು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಕಾಯ್ದೆಯ ಉಳಿದ ಯಾವ ನಿಯಮಕ್ಕಿಂತಲೂ ಬಹುಶಃ ಇದೇ ಹೆಚ್ಚು ಪರಿಣಾಮಕಾರಿಯಾಯಿತು.

ಸುಮಾರು 8 ಲಕ್ಷ ಅರ್ಜಿಗಳು ಬಂದವು. ಚಾಲಗೇಣಿ ವ್ಯಾಪಕವಾಗಿದ್ದ ಕರಾವಳಿಯಲ್ಲಿ ಬದಲಾವಣೆ ಎದ್ದುಕಾಣುವಂತಿತ್ತು. ಭೂಮಿತಿಯ ಕಥೆ ಬೇರೆ. ಐದು ಜನರ ಕುಟುಂಬವೊಂದು 54 ಎಕರೆ ಖುಷ್ಕಿ ಜಮೀನನ್ನು ಇಟ್ಟುಕೊಳ್ಳಬಹುದಾಗಿದ್ದರಿಂದ ಹಂಚಲು ಉಳಿದ ಹೆಚ್ಚುವರಿ ಭೂಮಿ ಕಡಿಮೆ. ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದ, ಬಹುಪಾಲು ದಲಿತರಾದ ಕೃಷಿ ಕಾರ್ಮಿಕರಿಗೆ ವಾಸದ ಮನೆಯ ಹಕ್ಕು ಸಿಕ್ಕಿತೇ ಹೊರತು ಹೊಲ ಸಿಗಲಿಲ್ಲ.

ಹಾವನೂರು ಆಯೋಗ

1972ರಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು. 1975ರಲ್ಲಿ ಅದು ಸಲ್ಲಿಸಿದ ವರದಿಯನ್ನು ಆಧರಿಸಿ 1977ರಲ್ಲಿ ಮೀಸಲಾತಿ ಆದೇಶ ಹೊರಬಿತ್ತು. ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟದ್ದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು.

ಕೊನೆಯ ವರ್ಷಗಳು

ಅರಸು ಸರ್ಕಾರದ ಮೇಲಿನ ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಕೇಂದ್ರದ ಜನತಾ ಸರ್ಕಾರ 1977ರಲ್ಲಿ ಗ್ರೋವರ್ ಆಯೋಗವನ್ನು ನೇಮಿಸಿತು. ಅದೇ ವರ್ಷದ ಕೊನೆಯಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. 1978ರ ಚುನಾವಣೆಯಲ್ಲಿ ಗೆದ್ದು ಅರಸು ಮತ್ತೆ ಮುಖ್ಯಮಂತ್ರಿಯಾದರು. ಮರುವರ್ಷ ಇಂದಿರಾ ಗಾಂಧಿಯವರೊಂದಿಗೆ ಮುನಿಸುಂಟಾಗಿ ಪಕ್ಷದಿಂದ ಹೊರನಡೆದರು. 1980ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28 ಸ್ಥಾನಗಳಲ್ಲಿ 27ನ್ನು ಗೆದ್ದಿತು. ಅರಸು ಅವರ ಕಾಲದಲ್ಲಿ ಭೂಮಿ ಪಡೆದವರ ಮತವೂ ಅವರ ಹಿಂದೆ ಬರಲಿಲ್ಲ. ಶಾಸಕರು ಗುಂಪುಗುಂಪಾಗಿ ಪಕ್ಷ ಬಿಟ್ಟರು. ಅರಸು ರಾಜೀನಾಮೆ ನೀಡಿದರು, ಆರ್. ಗುಂಡೂರಾವ್ ಅಧಿಕಾರ ವಹಿಸಿಕೊಂಡರು. ಎರಡು ವರ್ಷಗಳ ನಂತರ ಅರಸು ನಿಧನರಾದರು.