ಮೌಂಟ್ ವರ್ನನ್ನಿನ ಒಡೆಯ

ಅಮೆರಿಕದ ಪ್ರಥಮಾಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಬಾಲ್ಯದಲ್ಲಿ ಅವನು ತಂದೆಯ ಚೆರಿ ಮರವನ್ನು ಕಡಿದು, ಸುಳ್ಳಾಡದೆ ತಪ್ಪನ್ನು ಒಪ್ಪಿಕೊಂಡನೆಂಬ ಕಥೆಯನ್ನು ನಾವೆಲ್ಲರೂ ಓದಿದ್ದೇವೆ. ಆದರೆ ಅದು ಅವನ ಮರಣಾನಂತರ ಪಾದ್ರಿಯೊಬ್ಬನು ತನ್ನ ಗ್ರಂಥದಲ್ಲಿ ಸೇರಿಸಿದ ಕಥೆ, ಅದಕ್ಕೆ ಆಧಾರವಿಲ್ಲ. ಅವನ ಸತ್ಯನಿಷ್ಠೆಗೆ ನಿಜವಾದ ಪರೀಕ್ಷೆಯನ್ನೊಡ್ಡಿದುದು ಅವನ ಮನೆತನದ ಭೂಮಿ ಮತ್ತು ಆ ಭೂಮಿಯಲ್ಲಿ ದುಡಿದ ಜನ.

ಆ ಮನೆತನದಿಂದ ಅಮೆರಿಕಕ್ಕೆ ಬಂದು ನೆಲೆಸಿದವನು ಜಾರ್ಜನ ಮುತ್ತಜ್ಜನಾದ ಜಾನ್ ವಾಷಿಂಗ್ಟನ್. 1657ರ ಸುಮಾರಿಗೆ ಹೊಗೆಸೊಪ್ಪಿನ ವ್ಯಾಪಾರಕ್ಕಾಗಿ ಇಂಗ್ಲೆಂಡಿನಿಂದ ಬಂದಿದ್ದ ಅವನ ಹಡಗು ಪೊಟೊಮ್ಯಾಕ್ ನದಿಯಲ್ಲಿ ತಳ ಹತ್ತಿ ನಿಂತಿತು. ಅವನು ವರ್ಜೀನಿಯಾದಲ್ಲಿಯೇ ಉಳಿದು, ಜಮೀನುದಾರನೊಬ್ಬನ ಮಗಳನ್ನು ಮದುವೆಯಾಗಿ, ಮಾವನಿಂದ 700 ಎಕರೆ ಭೂಮಿಯನ್ನು ಪಡೆದನು. ಕಡಲಾಚೆಯಿಂದ ಆಳುಗಳನ್ನು ಕರೆತಂದವರಿಗೆ ತಲೆಗೆ 50 ಎಕರೆಯಂತೆ ಭೂಮಿ ಕೊಡುವ ಪದ್ಧತಿ ಆಗ ಅಲ್ಲಿ ಇದ್ದಿತು. 1674ರಲ್ಲಿ ಜಾನನಿಗೂ ಅವನ ಪಾಲುಗಾರನಿಗೂ ಅದೇ ನದೀತೀರದಲ್ಲಿ 5,000 ಎಕರೆ ದೊರೆಯಿತು. ಅದರ ಅರ್ಧಭಾಗವು ತಲೆಮಾರಿನಿಂದ ತಲೆಮಾರಿಗೆ ಇಳಿದು, ಜಾರ್ಜನ ತಂದೆಯಾದ ಅಗಸ್ಟೀನನ ವಶಕ್ಕೆ ಬಂದಿತು. ಅಗಸ್ಟೀನನ ಮೊದಲ ಹೆಂಡತಿಯ ಮಗನಾದ ಲಾರೆನ್ಸನು ನೌಕಾಧಿಪತಿ ವರ್ನನ್ನನ ನೆನಪಿಗಾಗಿ ಅದಕ್ಕೆ ಮೌಂಟ್ ವರ್ನನ್ ಎಂದು ಹೆಸರಿಟ್ಟನು.

ಹೊಗೆಸೊಪ್ಪು ಕೆಲವೇ ವರ್ಷಗಳಲ್ಲಿ ನೆಲದ ಸಾರವನ್ನು ಹೀರಿಬಿಡುವ ಬೆಳೆ. ಆದುದರಿಂದ ಜಮೀನುದಾರರಿಗೆ ಹೊಸ ನೆಲದ ಆಸೆ ತೀರುತ್ತಲೇ ಇರಲಿಲ್ಲ. ದುಡಿಮೆಗೆ ಅವರು ಆಫ್ರಿಕದಿಂದ ಸೆರೆಹಿಡಿದು ತಂದ ಜನರನ್ನೂ ಅವರ ಸಂತತಿಯನ್ನೂ ಗುಲಾಮರನ್ನಾಗಿ ಇರಿಸಿಕೊಂಡಿದ್ದರು. ಹೊಲದಂತೆ ಮನುಷ್ಯರೂ ತಂದೆಯಿಂದ ಮಕ್ಕಳಿಗೆ ಆಸ್ತಿಯಾಗಿ ಬರುತ್ತಿದ್ದರು. 1732ರ ಫೆಬ್ರುವರಿ 22ರಂದು ಜನಿಸಿದ ಜಾರ್ಜನು 11 ವರ್ಷದವನಾಗಿದ್ದಾಗ ತಂದೆಯನ್ನು ಕಳೆದುಕೊಂಡನು. ಆಗ ಆ ಬಾಲಕನ ಪಾಲಿಗೆ ಒಂದು ತೋಟಮನೆಯೂ 10 ಮಂದಿ ಗುಲಾಮರೂ ಬಂದರು.

ಜಾರ್ಜನಿಗೆ ಹೆಚ್ಚಿನ ವಿದ್ಯಾಭ್ಯಾಸದ ಯೋಗವಿರಲಿಲ್ಲ. ಆದರೆ ಲೆಕ್ಕದಲ್ಲಿ ನಿಪುಣನಾಗಿದ್ದ ಅವನು 17ನೆಯ ವಯಸ್ಸಿಗೇ ಭೂಮಾಪಕನಾಗಿ, ಆ ಸಂಪಾದನೆಯಿಂದ ಸ್ವಂತ ಭೂಮಿಯನ್ನು ಕೊಂಡನು. 1752ರಲ್ಲಿ ಲಾರೆನ್ಸನು ಕ್ಷಯರೋಗದಿಂದ ಮಡಿದನು; ಅವನ ವಿಧವೆಯೂ ತೀರಿಕೊಂಡ ಮೇಲೆ, 1761ರಲ್ಲಿ ಮೌಂಟ್ ವರ್ನನ್ ಜಾರ್ಜನದಾಯಿತು. ಅಷ್ಟರೊಳಗೆ, 1759ರಲ್ಲಿ, ಅವನು ಮಾರ್ತಾ ಕಸ್ಟಿಸ್ ಎಂಬ ಸಿರಿವಂತ ವಿಧವೆಯನ್ನು ಮದುವೆಯಾಗಿದ್ದನು. ಹೊಗೆಸೊಪ್ಪನ್ನು ಬಿಟ್ಟು ಗೋಧಿಯನ್ನು ಬಿತ್ತಿ, ಜಮೀನನ್ನು ಸುಮಾರು 8,000 ಎಕರೆಗೆ ಬೆಳೆಸಿದನು.

1775ರಲ್ಲಿ ಅವನು ಸ್ವಾತಂತ್ರ್ಯಸೇನೆಯ ದಂಡನಾಯಕನಾದನು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅವನಿಗೆ ಶರಣಾದ ಆಂಗ್ಲಸೇನೆಯ ಅಧಿಪತಿಯು ಕಾರ್ನ್‌ವಾಲಿಸನು. ಇದೇ ಕಾರ್ನ್‌ವಾಲಿಸನು ಮುಂದೆ ಭಾರತಕ್ಕೆ ಬಂದು, 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವನ್ನು ಸಂಧಿಗೆ ಒಪ್ಪಿಸಿದನೆಂಬುದು ಗಮನಾರ್ಹ. ಯುದ್ಧ ಮುಗಿದೊಡನೆ ವಾಷಿಂಗ್ಟನ್ನನು ಅಧಿಕಾರವನ್ನು ತ್ಯಜಿಸಿ ಹೊಲಕ್ಕೆ ಹಿಂದಿರುಗಿದನು. ಜನರ ಕರೆಗೆ ಓಗೊಟ್ಟು 1789ರಿಂದ 1797ರವರೆಗೆ ಅಧ್ಯಕ್ಷನಾಗಿದ್ದನು.

ಸ್ವಾತಂತ್ರ್ಯಕ್ಕಾಗಿ ಹೋರಾಡಿದವನ ಹೊಲದಲ್ಲಿ ಪರತಂತ್ರರು ದುಡಿಯುತ್ತಿದ್ದರು. ಗುಲಾಮಗಿರಿಯು ಕಾನೂನಿನ ಮೂಲಕ ಕ್ರಮೇಣ ಅಳಿಯಬೇಕೆಂದು ಅವನು ಸ್ನೇಹಿತರಿಗೆ ಬರೆದುದುಂಟು. ಆದರೂ 1796ರಲ್ಲಿ ಓನಾ ಜಡ್ಜ್ ಎಂಬ ದಾಸಿಯು ಅಧ್ಯಕ್ಷಭವನದಿಂದ ತಪ್ಪಿಸಿಕೊಂಡು ಹೋದಾಗ, ಅವಳನ್ನು ಮರಳಿ ಹಿಡಿತರಿಸಲು ಯತ್ನಿಸಿದನು. ಅವಳು ಸಿಕ್ಕಲಿಲ್ಲ, ಬಡತನದಲ್ಲಿಯೇ ಆದರೂ ಕೊನೆಯವರೆಗೂ ತನ್ನ ಇಚ್ಛೆಯಂತೆ ಬಾಳಿದಳು. ಈ ಸಂಗತಿಯನ್ನು ನಾವು ಮರೆಮಾಚಬಾರದು.

1799ರ ಜುಲೈ ತಿಂಗಳಲ್ಲಿ ಅವನು ತನ್ನ ಮೃತ್ಯುಪತ್ರವನ್ನು ಸ್ವಹಸ್ತದಿಂದಲೇ ಬರೆದನು. ಆಗ ಮೌಂಟ್ ವರ್ನನ್ನಿನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ ತನ್ನ ಸ್ವಂತದವರಾದ 123 ಮಂದಿಗೆ, ಮಾರ್ತಳ ಕಾಲಾನಂತರ, ಬಿಡುಗಡೆಯನ್ನು ವಿಧಿಸಿದನು. ಮುದುಕರಿಗೂ ಅಶಕ್ತರಿಗೂ ಅನ್ನವಸ್ತ್ರ ಸಲ್ಲಬೇಕೆಂದೂ, ಅನಾಥ ಮಕ್ಕಳಿಗೆ ಓದುಬರಹವನ್ನು ಕಲಿಸಬೇಕೆಂದೂ ಬರೆದನು. ಅದೇ ವರ್ಷದ ಡಿಸೆಂಬರ್ 14ರಂದು ತೀರಿಕೊಂಡನು. ಮಾರ್ತಳು ತನ್ನ ಕಾಲದವರೆಗೆ ಕಾಯದೆ, 1801ರ ಜನವರಿ 1ರಂದೇ ಅವರನ್ನು ಬಿಡುಗಡೆ ಮಾಡಿದಳು.

ಆದರೆ ಉಳಿದವರಲ್ಲಿ 153 ಮಂದಿ ಮಾರ್ತಳ ಮೊದಲ ಗಂಡನ ಆಸ್ತಿಗೆ ಸೇರಿದವರು. ಅವರನ್ನು ಬಿಡಿಸುವ ಹಕ್ಕು ಕಾನೂನಿನಂತೆ ವಾಷಿಂಗ್ಟನ್ನನಿಗೂ ಇರಲಿಲ್ಲ, ಮಾರ್ತಳಿಗೂ ಇರಲಿಲ್ಲ. ಎರಡು ಪಂಗಡದವರೂ ತಮ್ಮತಮ್ಮೊಳಗೆ ಮದುವೆಯಾಗಿದ್ದರು. ಗಂಡನು ಸ್ವತಂತ್ರನಾದರೆ ಹೆಂಡತಿಮಕ್ಕಳು ದಾಸ್ಯದಲ್ಲಿಯೇ ಉಳಿದು, 1802ರಲ್ಲಿ ಮಾರ್ತಳು ತೀರಿಕೊಂಡ ಬಳಿಕ ಅವಳ ಮೊಮ್ಮಕ್ಕಳಿಗೆ ಹಂಚಿಹೋದರು.

ವಾಷಿಂಗ್ಟನ್ನನಿಗೆ ಸ್ವಂತ ಮಕ್ಕಳಿರಲಿಲ್ಲ. ಮೌಂಟ್ ವರ್ನನ್ ಅವನ ಸೋದರನ ಮಗನಿಗೆ ಸಂದು, ಆ ವಂಶದವರಿಂದ 1858ರಲ್ಲಿ ಮಹಿಳಾಸಂಘವೊಂದಕ್ಕೆ ಮಾರಾಟವಾಯಿತು. ನಾಲ್ಕು ತಲೆಮಾರು ಕೂಡಿಸಿದ ಭೂಮಿಯು ಹೀಗೆ ಮನೆತನದ ಕೈಬಿಟ್ಟಿತು. ಆ ಮೃತ್ಯುಪತ್ರವು ಬಿಡಿಸಿದವರು ಮಾತ್ರ ತಮ್ಮ ಮಕ್ಕಳಿಗೆ ಸ್ವಾತಂತ್ರ್ಯವನ್ನೇ ಆಸ್ತಿಯಾಗಿ ಬಿಟ್ಟುಹೋದರು. ಒಳ್ಳೆಯ ಕಾರ್ಯವು ತಡವಾದಷ್ಟೂ ಅದರ ಫಲವು ಕೆಲವರಿಗೆ ದಕ್ಕದೆ ಹೋಗುವುದೆಂಬುದನ್ನು ಈ ಮಹಾಪುರುಷನ ಜೀವನದಿಂದ ನಾವು ಅರಿಯಬೇಕು.